ಪರಿವಿಡಿಯಲ್ಲಿ ಸಣ್ಣಜ್ಜಿ

ಚಿನ್ನು, ಪುಟ್ಟ, ಇಬ್ಬರೂ ಕೇಳಿ.

ನಾನು ಕಂಪ್ಯೂಟರಿನ ಎದುರು ಕೂತರೆ ನಿಮಗೆ ನಗು. ಒಂದು ಸಾಲು ಬರೆದು ಸೇವ್, ಇನ್ನೊಂದು ಸಾಲು ಬರೆದು ಸೇವ್. "ಅಜ್ಜಿ, ಅದು ತನ್ನಷ್ಟಕ್ಕೇ ಸೇವ್ ಆಗ್ತದೆ" ಎಂದು ನೀವು ಎಷ್ಟು ಹೇಳಿದರೂ ನನ್ನ ಬೆರಳು ಕೇಳುವುದಿಲ್ಲ. ಶೀರ್ಷಿಕೆಗೆ ಸ್ಟೈಲ್ ಕೊಡುವಾಗ ಅಜ್ಜಿ ಉಸಿರು ಹಿಡಿಯುತ್ತಾಳೆ ಎಂದು ಚಿನ್ನು ನಿಮ್ಮಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ಹೌದು, ಹಿಡಿಯುತ್ತೇನೆ. ಯಾಕೆಂದು ಎದುರು ಕೂತು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಚಾರ್ಮಾಡಿಯ ಹತ್ತಿರ. ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. ಟೀಚರು ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದೆ, ಉತ್ತರ ಗೊತ್ತಿದ್ದರೂ ಬಾಯಿ ತೆರೆಯುತ್ತಿರಲಿಲ್ಲ. ಮದುವೆಯಾಗಿ ನರಿಕೊಂಬಿಗೆ ಬಂದೆ. ನಿಮ್ಮಜ್ಜ ಬಂಟ್ವಾಳದ ಒಂದು ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಸಂಜೆ ಪ್ರೂಫ್ ಹಾಳೆಗಳನ್ನು ಮನೆಗೆ ತರುತ್ತಿದ್ದರು. ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ತಪ್ಪು ಹುಡುಕಿ ಕೊಡುತ್ತಿದ್ದೆ. ನಿಮ್ಮಮ್ಮ ಪ್ರೈಮರಿ ಶಾಲೆಯಲ್ಲಿದ್ದಾಗ ಅವರು ಜ್ವರದಲ್ಲಿ ತೀರಿಕೊಂಡರು. ಸ್ವಲ್ಪ ಸಮಯದಲ್ಲೇ ಆ ಪ್ರೆಸ್ಸೂ ಮುಚ್ಚಿತು.

ಅಣ್ಣ ಬಂದು ಕರೆದ. "ಚಾರ್ಮಾಡಿಗೆ ಹೋಗುವ. ಎರಡು ಹೊಟ್ಟೆ ನಮಗೆ ಭಾರವಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮನೆಗೆ ಹೋದರೆ ನಾನು ಅಡುಗೆಮನೆಯಿಂದ ಹೊರಗೆ ಬರಲಾರೆ ಎಂದು ನನಗೆ ಗೊತ್ತಿತ್ತು. ನಿಮ್ಮಮ್ಮ ಓದಿನಲ್ಲಿ ಚುರುಕು. ಅಲ್ಲಿಗೆ ಹೋದರೆ ಅವಳ ಓದು ಬಸ್ಸಿನ ಮೇಲೆ, ಮಳೆಯ ಮೇಲೆ, ಅತ್ತಿಗೆಯ ಮುಖದ ಮೇಲೆ ನಿಲ್ಲುತ್ತಿತ್ತು. ಬಿ.ಸಿ.ರೋಡಿನಲ್ಲಿ ಟೈಪಿಂಗ್ ಕಲಿತೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೂಡಬಿದ್ರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು ನಿಮ್ಮಮ್ಮನನ್ನು ಹೈಸ್ಕೂಲಿಗೆ ಸೇರಿಸಿದೆ. ಆ ಕೆಲಸ ಇದ್ದರೆ ಮೂಡಬಿದ್ರೆ, ಇಲ್ಲದಿದ್ದರೆ ಚಾರ್ಮಾಡಿ. ಪ್ರತಿದಿನ ಅಂಗಡಿಯ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಇದೊಂದೇ ಇರುತ್ತಿತ್ತು.

ಅಂಗಡಿಯ ಮಾಲಕರು ಗಲ್ಫಿನಿಂದ ವಾಪಸು ಬಂದ ಒಬ್ಬರು ಬ್ಯಾರಿ ಮುಸ್ಲಿಮರು. ಅಲ್ಲಿ ಆಫೀಸಿನಲ್ಲಿ ಕಂಪ್ಯೂಟರ್ ಕಲಿತವರು. ನನಗಿಂತ ದೊಡ್ಡವರಾದರೂ ನನ್ನನ್ನು ಅಕ್ಕ ಎಂದು ಕರೆಯುತ್ತಿದ್ದರು. ನಾನು ಅವರನ್ನು ಹೇಗೆ ಕರೆಯುವುದೆಂದು ತಿಳಿಯದೆ "ಇವರೇ" ಎನ್ನುತ್ತಿದ್ದೆ, ಅದನ್ನೂ ಮೆತ್ತಗೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್. ಕರೆಂಟು ಹೋದರೆ ಮೇಜಿನ ಕೆಳಗಿನ ಯುಪಿಎಸ್ ಕಿರುಚತೊಡಗುತ್ತಿತ್ತು. ಆ ಸದ್ದಿಗೆ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ. ಸೀಸದ ಮೊಳೆ ಕೆಳಗೆ ಬಿದ್ದರೆ ಹೆಕ್ಕಬಹುದು. ಇದರೊಳಗಿಂದ ಬಿದ್ದ ಅಕ್ಷರ ಎಲ್ಲಿಗೆ ಹೋಗುತ್ತದೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಬೆಳ್ತಂಗಡಿ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟ್ರು ಬಂದರು. ಎತ್ತರದ ಆಳು, ದಪ್ಪ ಮೀಸೆ, ದೊಡ್ಡ ಸ್ವರ. ಅವರದು ಊರಿನ ಯಜಮಾನಿಕೆ ಇದ್ದ ಹಳೆಯ ಗುತ್ತಿನ ಮನೆತನ. ಆ ಕುಟುಂಬದ ಚರಿತ್ರೆಯನ್ನು ಅವರೇ ಬರೆದು ತಂದಿದ್ದರು. ಅಳಿಯಕಟ್ಟಿನ ಕುಟುಂಬ, ನಮ್ಮ ಹಾಗೆಯೇ. ಅಂದರೆ ಲೆಕ್ಕ ತಾಯಿಯಿಂದ ಮಗಳಿಗೆ ಹೋಗುತ್ತದೆ. ಎಲ್ಲರಿಗೂ ಮೂಲ ಒಬ್ಬ ಮೂಲಜ್ಜಿ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡಜ್ಜಿ ಮತ್ತು ಸಣ್ಣಜ್ಜಿ. ಆ ಇಬ್ಬರಿಂದ ಎರಡು ಕವಲು ಒಡೆದಿತ್ತು. ಮಾಸ್ಟ್ರು ಸಣ್ಣಜ್ಜಿಯ ಕವಲಿನವರು.

"ನಮ್ಮ ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲ ಸೇವೆ ಉಂಟು. ಎರಡೂ ಕವಲಿನವರು ಸೇರ್ತಾರೆ. ಈ ಸಲ ಪುಸ್ತಕವನ್ನು ದೈವದ ಎದುರು ಇಟ್ಟು, ಪರಿವಿಡಿ ಗಟ್ಟಿಯಾಗಿ ಓದಿಸುವುದು. ತಪ್ಪು ಆಗ್ಲಿಕ್ಕೆ ಬಲ್ಲಿ" ಎಂದರು. ಆಗಬಾರದು ಎನ್ನುವುದಕ್ಕೆ ತುಳುವಿನ ಆ 'ಬಲ್ಲಿ'ಯನ್ನು ಅವರು ಮೇಜಿಗೆ ಬೆರಳು ಕುಟ್ಟಿ ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ.

ನಾನು ಟೈಪ್ ಮಾಡಿದೆ. ಶೀರ್ಷಿಕೆಗಳನ್ನು ದಪ್ಪ ಮಾಡಿದೆ, ದೊಡ್ಡದು ಮಾಡಿದೆ. ಕೊನೆಗೆ ಪರಿವಿಡಿ. ಹೆಸರು ಬರೆದು, ಚುಕ್ಕೆ ಚುಕ್ಕೆ ಒತ್ತಿ, ತುದಿಯಲ್ಲಿ ಪುಟ ಸಂಖ್ಯೆ ಹಾಕಿದೆ. ಮಾಸ್ಟ್ರು ಪ್ರತಿ ವಾರ ಬಂದು ಹೊಸ ಹಾಳೆ ಸೇರಿಸುತ್ತಿದ್ದರು. ಒಂದು ಮದುವೆ ಬಿಟ್ಟುಹೋಗಿತ್ತು, ಒಂದು ಮಗು ಹುಟ್ಟಿತ್ತು. ನಡುವೆ ಒಂದು ಹಾಳೆ ಸೇರಿದರೆ ಮುಂದಿನ ಪುಟಗಳೆಲ್ಲ ಸರಿಯುತ್ತಿದ್ದವು, ನನ್ನ ಪರಿವಿಡಿ ಪೂರಾ ಸುಳ್ಳಾಗುತ್ತಿತ್ತು. ನಾನು ಬಾಯಿ ಬಿಡದೆ ಮೊದಲಿನಿಂದ ತಿದ್ದುತ್ತಿದ್ದೆ. ಅದರ ಮೇಲೆ ಅವರು ಇನ್ನೊಂದು ಕೇಳಿದರು: ಗಲ್ಫಿನಲ್ಲಿರುವ ಸೊಸೆಯಂದಿರಿಗೆ, ಅಂದರೆ ಅಕ್ಕತಂಗಿಯರ ಹೆಣ್ಣುಮಕ್ಕಳಿಗೆ, ಸಿಡಿ ಬೇಕು, ಹೆಸರು ಒತ್ತಿದರೆ ಅವರವರ ಪುಟ ಬರಬೇಕು.

ಆವತ್ತು ಮಾಲಕರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಅಕ್ಕ, ನೀವು ದಪ್ಪ ಮಾಡಿದ್ದು ನಮ್ಮ ಕಣ್ಣಿಗೆ. ಕಂಪ್ಯೂಟರಿಗೆ ಅದು ಬರೀ ದಪ್ಪ ಅಕ್ಷರ. ಇದು ಹೆಡಿಂಗ್ ಅಂತ ಅದರ ಕಿವಿಯಲ್ಲಿ ಹೇಳ್ಬೇಕು."

"ಅದಕ್ಕೆ ಕಿವಿ ಉಂಟಾ?" ಎಂದರು ಮಾಸ್ಟ್ರು, ನನ್ನ ಬದಲು.

"ಉಂಟು ಮಾಸ್ಟ್ರೆ, ಇಲ್ಲಿ ನೋಡಿ, ಸ್ಟೈಲ್ ಅಂತ. ಹೆಡಿಂಗ್ ಒಂದು, ಎರಡು, ಮೂರು. ದೊಡ್ಡ ವಿಷಯಕ್ಕೆ ಒಂದು. ಅದರ ಒಳಗಿನದ್ದಕ್ಕೆ ಎರಡು. ಅದರ ಒಳಗಿನದ್ದಕ್ಕೆ ಮೂರು. ಹೇಳಿಬಿಟ್ರೆ ಪರಿವಿಡಿ ಅದೇ ಮಾಡ್ತದೆ. ಹೆಸರು ಒತ್ತಿದ್ರೆ ಆ ಪುಟಕ್ಕೆ ಹಾರ್ತದೆ."

"ದುಬೈಯಲ್ಲಿ ಕೂಡ ಹಾರ್ತದಾ?"

"ಅಲ್ಲಿಯೂ ಹಾರ್ತದೆ. ವೀಸಾ ಬೇಡ."

ಅವರಿಬ್ಬರೂ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ.

ಮರುದಿನ ಶುಕ್ರವಾರ. ಮಾಲಕರು ಜುಮಾ ನಮಾಜಿಗೆ ಹೋಗಿದ್ದರು. ಅಂಗಡಿಯಲ್ಲಿ ನಾನೊಬ್ಬಳೇ. ಮೊದಲ ಶೀರ್ಷಿಕೆ ಮೂಲಜ್ಜಿಯ ಹೆಸರು. ಅದರ ಮೇಲೆ ಕರ್ಸರ್ ಇಟ್ಟು ಹೆಡಿಂಗ್ ಒಂದು ಎಂದು ಒತ್ತಿದೆ.

ಹೆಸರು ಹೋಯಿತು.

ಅಳಿಸಿ ಹೋದದ್ದಲ್ಲ, ಅದಕ್ಕಿಂತ ಕೆಟ್ಟದ್ದು. ಕನ್ನಡ ಇದ್ದಲ್ಲಿ ತಲೆಗೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು, ಅಡ್ಡಗೆರೆ ಎಳೆದ ವೈ, ಬಾಲ ಮುರಿದ ಏನೇನೋ ಸಾಲುಗಟ್ಟಿ ನಿಂತಿದ್ದವು. ನೂರಾರು ಜನರ ಮೂಲವಾದ ಹೆಂಗಸಿನ ಹೆಸರು ನನ್ನ ಒಂದು ಬೆರಳಿಗೆ ಚಿಂದಿಯಾಯಿತು ಅನ್ನಿಸಿತು. ದೈವದ ಎದುರು ಇಡುವ ಪುಸ್ತಕ ಬೇರೆ. ವಾಪಸು ತರುವುದು ಹೇಗೆಂದು ತಿಳಿಯಲಿಲ್ಲ. ಮುಟ್ಟಿದರೆ ಇನ್ನೂ ಹಾಳಾದೀತು ಎಂದು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಮಾಲಕರು ಬರುವವರೆಗೆ ಆ ಪರದೆಯನ್ನು ನೋಡುತ್ತಾ ಕೂತೆ. ಗಿರಾಕಿಯೊಬ್ಬರು ಜೆರಾಕ್ಸ್ ಕೇಳಿದರೆ ಏಳಲಿಲ್ಲ. "ಎಂತ, ಕಿವಿ ಕೇಳುವುದಿಲ್ವಾ?" ಎಂದು ಗೊಣಗಿ ಹೋದರು.

ಮಾಲಕರು ಬಂದು ನೋಡಿದರು. "ಹೋ, ಇದಾ! ಹೆಡಿಂಗ್ ಸ್ಟೈಲಿಗೆ ಇಂಗ್ಲಿಷ್ ಫಾಂಟ್ ಉಂಟು. ನಮ್ಮ ಕನ್ನಡ ಇರುವುದು ಫಾಂಟಿನಲ್ಲಿ ಮಾತ್ರ ಅಕ್ಕ. ಫಾಂಟ್ ಬದಲಾದ್ರೆ ಅಂಗಿ ಕಳಚಿದ ಹಾಗೆ, ಒಳಗಿನದ್ದು ಕಾಣ್ತದೆ." ಅವರು ಸ್ಟೈಲಿನ ಒಳಗೆ ಹೋಗಿ ಅದರ ಫಾಂಟನ್ನೇ ಕನ್ನಡದ್ದಾಗಿ ಬದಲಿಸಿದರು. ಮೂಲಜ್ಜಿ ತಿರುಗಿ ಬಂದಳು. ಪರಿವಿಡಿಯ ಸ್ಟೈಲುಗಳಿಗೂ ಹಾಗೆಯೇ ಮಾಡಿ ತೋರಿಸಿದರು. ಬೈಯಲಿಲ್ಲ. ಆದರೆ ಏಳುವಾಗ ಒಂದು ಮಾತು ಹೇಳಿದರು. "ನಾನಿದ್ದ ಆಫೀಸಿನಲ್ಲಿ ಒಬ್ಬ ಫೈಲ್ ಹಾಳು ಮಾಡಿದ ಅಂತ ಮರುವಾರವೇ ಊರಿಗೆ ಕಳಿಸಿದ್ರು ಗೊತ್ತುಂಟಾ?" ಅವರು ಅದನ್ನು ಸುಮ್ಮನೆ, ಹಳೆಯ ಸುದ್ದಿಯ ಹಾಗೆ ಹೇಳಿದ್ದು. ನನಗೆ ಮಾತ್ರ ಚಾರ್ಮಾಡಿಯ ಬಸ್ಸು ಕಣ್ಣೆದುರು ಬಂದು ನಿಂತಿತು.

ಆ ಮೇಲೆ ನಾನು ಒಂದೊಂದೇ ಶೀರ್ಷಿಕೆಗೆ ಉಸಿರು ಹಿಡಿದು ಸ್ಟೈಲ್ ಕೊಟ್ಟೆ. ಮೂಲಜ್ಜಿಗೆ ಒಂದು, ಅದು ಪೀಠಿಕೆಯ ಅಧ್ಯಾಯ. ದೊಡ್ಡಜ್ಜಿಯ ಕವಲಿಗೆ ಒಂದು, ಅವಳ ಹೆಣ್ಣುಮಕ್ಕಳಿಗೆ ಎರಡು. ಸಣ್ಣಜ್ಜಿಯ ಕವಲು ಬಂದಾಗ ಕೈ ತಡೆಯಿತು. ಮಕ್ಕಳೇ, ನಾನು ಹುಟ್ಟಿದಂದಿನಿಂದ ನೋಡಿದ್ದು ಹೀಗೆ. ದೈವದ ಎದುರು ಗಂಧಪ್ರಸಾದಕ್ಕೆ ಕೈ ಒಡ್ಡುವಾಗ ಅಕ್ಕ ಮುಂದೆ, ತಂಗಿ ಒಂದು ಹೆಜ್ಜೆ ಹಿಂದೆ. ತಂಗಿಯ ಮಕ್ಕಳು ದೊಡ್ಡವರಾದರೂ ಅಕ್ಕನ ಮಕ್ಕಳ ಹಿಂದೆಯೇ. ಸಾಲು ತಪ್ಪಿದರೆ ಹಿರಿಯರು ಕಣ್ಣು ಬಿಡುತ್ತಿದ್ದರು. ಇಬ್ಬರಿಗೂ ಒಂದೇ ನಂಬರು ಕೊಟ್ಟರೆ ಹೆಗಲಿಗೆ ಹೆಗಲು ನಿಲ್ಲಿಸಿದ ಹಾಗಾದೀತು ಎಂದು ಹೆದರಿ, ನಾನು ಸಣ್ಣಜ್ಜಿಗೆ ಹೆಡಿಂಗ್ ಎರಡು ಕೊಟ್ಟೆ. ಅವಳ ಹೆಣ್ಣುಮಕ್ಕಳಿಗೆ ಮೂರು. ಪರಿವಿಡಿ ಬಂತು. ಸಣ್ಣಜ್ಜಿ ಒಂದು ಹೆಜ್ಜೆ ಒಳಗೆ ಸರಿದು, ತಲೆತಗ್ಗಿಸಿ ನಿಂತ ಹಾಗೆ ಕಂಡಳು. ನನಗೆ ಸರಿಯೇ ಅನ್ನಿಸಿತು. ಮಾಸ್ಟ್ರೂ ಪರದೆಯ ಮೇಲೆ ಪುಟ ಹಾರುವುದನ್ನು ನೋಡುವ ಖುಷಿಯಲ್ಲಿ ಪರಿವಿಡಿಯನ್ನು ಓದಲಿಲ್ಲ.

ಸಿಡಿ ತಯಾರಾಯಿತು. ಅವರ ಸೊಸೆಯ ಗಂಡ ದುಬೈಗೆ ಹೊರಟಿದ್ದವನು ಬಜ್ಪೆ ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ ಅದನ್ನು ತೆಗೆದುಕೊಂಡು ಹೋದ. ಪುಸ್ತಕವನ್ನು ಜೆರಾಕ್ಸ್ ಮಾಡಿ ಸ್ಪೈರಲ್ ಹಾಕಿ ಮೇಜಿನ ಮೇಲೆ ಅಟ್ಟಿ ಇಟ್ಟೆವು. ಒಂದು ಪ್ರತಿಯನ್ನು ಮಾಸ್ಟ್ರು ಓದಲೆಂದು ಮನೆಗೆ ಒಯ್ದರು.

ತಂಬಿಲದ ಹಿಂದಿನ ದಿನ ಬೆಳಿಗ್ಗೆ ಅವರು ಬಂದರು. ಬೆಳ್ತಂಗಡಿಯಿಂದ ಮೊದಲ ಬಸ್ಸಿಗೇ ಹೊರಟು ಬಂದಿರಬೇಕು. ಅಂಗಿಯ ಗುಂಡಿ ಸರಿ ಹಾಕಿರಲಿಲ್ಲ. ನಾನು ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡೆ. ಆದರೆ ಆ ದೊಡ್ಡ ಸ್ವರ ಹೊರಗೇ ಬರಲಿಲ್ಲ.

"ಎಂತ ಮಾಡಿದ್ದಮ್ಮ ನೀವು?" ಎಂದರು. ಪರಿವಿಡಿಯ ಹಾಳೆಯನ್ನು ನನ್ನ ಕೀಬೋರ್ಡಿನ ಮೇಲೆ ಹರಡಿದರು. "ನನ್ನ ಅಜ್ಜಿಯ ಅಜ್ಜಿಯನ್ನು ಅವಳ ಅಕ್ಕನ ಮಗಳು ಮಾಡಿದ್ದೀರಲ್ಲ!"

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ದೊಡ್ಡಜ್ಜಿಯ ಕವಲಿನ ಕೆಳಗೆ ಅವಳ ಹೆಣ್ಣುಮಕ್ಕಳು, ಒಂದು ಹೆಜ್ಜೆ ಒಳಗೆ. ಅವರದೇ ಸಾಲಿನಲ್ಲಿ, ಅಷ್ಟೇ ಒಳಗೆ, ಸಣ್ಣಜ್ಜಿ. ಮೂಲಜ್ಜಿಯ ಮಗಳು ದೊಡ್ಡಜ್ಜಿಯ ಮಕ್ಕಳ ಸಾಲಿನಲ್ಲಿ ಕೂತಿದ್ದಳು. ನಾನು ಅವಳನ್ನು ಹಿಂದೆ ನಿಲ್ಲಿಸಿದೆ ಅಂದುಕೊಂಡಿದ್ದೆ. ಈ ಯಂತ್ರಕ್ಕೆ ಹಿಂದೆ ಎನ್ನುವುದು ಗೊತ್ತಿಲ್ಲ, ಅಡಿಯಲ್ಲಿ ಎನ್ನುವುದು ಮಾತ್ರ ಗೊತ್ತು.

"ಪುಟ ಸಂಖ್ಯೆ ತಪ್ಪಿದ್ರೆ ಜನ ನಗ್ತಾರೆ. ಇದು ತಪ್ಪಿದ್ರೆ ಕೋರ್ಟಿಗೆ ಹೋಗ್ತಾರೆ" ಎಂದರು ಮಾಸ್ಟ್ರು. "ದೊಡ್ಡಜ್ಜಿಯ ಕಡೆಯವರು ಮೊದಲೇ ಹೇಳ್ತಿದ್ದಾರೆ, ನೀವು ನಮ್ಮ ಅಡಿಯವರು ಅಂತ. ಈಗ ನಾನೇ ಬರೆದು, ದೈವದ ಎದುರು ಓದಿಸಿ, ಹೌದು ಅಂತ ಒಪ್ಪಿಕೊಂಡ ಹಾಗಾಗ್ತದೆ. ನನ್ನ ಅಕ್ಕತಂಗಿಯರ ಮುಖ ಹೇಗೆ ನೋಡ್ಲಿ?"

ಅಷ್ಟು ದೊಡ್ಡ ಮನುಷ್ಯನೂ ನನ್ನ ಹಾಗೆಯೇ ಹೆದರುತ್ತಾನೆ ಎಂದು ಗೊತ್ತಾದದ್ದರಿಂದ ನನಗೆ ಧೈರ್ಯವೇನೂ ಬರಲಿಲ್ಲ. ಹೆದರಿಕೆ ಎರಡರಷ್ಟಾಯಿತು.

ಮಾಲಕರು ಹಾಳೆ ತೆಗೆದುಕೊಂಡು ನೋಡಿದರು, ನನ್ನನ್ನು ನೋಡಿದರು. "ಯಾಕೆ ಎರಡು ಕೊಟ್ರಿ ಅಕ್ಕ?"

"ತಂಗಿ ಅಲ್ವಾ... ಹಿಂದೆ ನಿಲ್ಲುವುದಲ್ವಾ..." ಎಂದೆ. ಸ್ವರ ನನಗೇ ಕೇಳಿಸಲಿಲ್ಲ.

ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿ, "ಕೂತ್ಕೊಳ್ಳಿ. ನೀವೇ ಸರಿ ಮಾಡಿ" ಎಂದರು.

ಸಣ್ಣಜ್ಜಿಗೆ ಹೆಡಿಂಗ್ ಒಂದು ಕೊಟ್ಟೆ. ಅವಳ ಹೆಣ್ಣುಮಕ್ಕಳನ್ನು ಒಬ್ಬೊಬ್ಬರಾಗಿ ಮೂರರಿಂದ ಎರಡಕ್ಕೆ ಎತ್ತಿದೆ. ನನ್ನ ಹಿಂದೆ ಇಬ್ಬರು ಗಂಡಸರು ನಿಂತಿದ್ದರು, ಮಾಸ್ಟ್ರ ಉಸಿರು ನನ್ನ ತಲೆಯ ಮೇಲೆ ಬೀಳುತ್ತಿತ್ತು. ಪರಿವಿಡಿಯ ಮೇಲೆ ಬಂದು ಅಪ್‌ಡೇಟ್ ಎಂದು ಒತ್ತಿದೆ. ಪುಟ ಸಂಖ್ಯೆ ಮಾತ್ರವಾ, ಇಡೀ ಪಟ್ಟಿಯಾ ಎಂದು ಅದು ಕೇಳಿತು. ನಾನು ಯಾವತ್ತೂ ಒತ್ತುವ ಹಾಗೆ, ಕಡಿಮೆ ಹಾನಿಯದ್ದು ಎಂದು, ಪುಟ ಸಂಖ್ಯೆ ಮಾತ್ರ ಎಂದು ಒತ್ತಿದೆ. ಸಣ್ಣಜ್ಜಿ ಅಲುಗಲಿಲ್ಲ. ಅದೇ ಜಾಗದಲ್ಲಿ, ಅಕ್ಕನ ಮಗಳಾಗಿಯೇ ಕೂತಿದ್ದಳು.

"ಹೋಯ್ತು" ಎಂದರು ಮಾಸ್ಟ್ರು.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿರುಚತೊಡಗಿತು.

"ಇಡೀ ಪಟ್ಟಿ, ಅಕ್ಕ. ಇಡೀ ಪಟ್ಟಿ ಒತ್ತಿ" ಎಂದರು ಮಾಲಕರು. ಆ ಕಿರುಚಾಟದ ನಡುವೆ ಒತ್ತಿದೆ. ಪಟ್ಟಿ ಒಮ್ಮೆ ಮಾಯವಾಗಿ ತಿರುಗಿ ಬಂತು. ಸಣ್ಣಜ್ಜಿ ಹೊರಗೆ ಬಂದು ಅಕ್ಕನ ನೇರಕ್ಕೆ ನಿಂತಿದ್ದಳು. ಆದರೂ ಅಕ್ಕನ ನಂತರ, ಕೆಳಗಿನ ಸಾಲಿನಲ್ಲೇ. ನಾನು ಹೆದರಿದ ಹಾಗೆ ಯಾರ ಮರ್ಯಾದೆಯೂ ಹೋಗಿರಲಿಲ್ಲ. ಸೇವ್ ಮಾಡಿದೆ. ಮತ್ತೆ ಸೇವ್ ಮಾಡಿದೆ. ಆ ಅಭ್ಯಾಸ ಹಿಡಿದದ್ದು ಆವತ್ತೇ.

ಕರೆಂಟು ಬಂದ ಮೇಲೆ ಹೊಸ ಹಾಳೆ ಪ್ರಿಂಟ್ ತೆಗೆದು, ಮೂವರೂ ನೆಲದ ಮೇಲೆ ಕೂತು, ಪ್ರತಿಯೊಂದು ಪುಸ್ತಕದ ಸ್ಪೈರಲ್ ಬಿಚ್ಚಿ ಹಳೆಯ ಪರಿವಿಡಿ ತೆಗೆದು ಹೊಸದನ್ನು ಹಾಕಿದೆವು. ಹಳೆಯ ಹಾಳೆಗಳನ್ನು ಮಾಸ್ಟ್ರು ಒಂದೂ ಬಿಡದೆ ಚೀಲಕ್ಕೆ ತುಂಬಿಕೊಂಡರು, ಮನೆಗೆ ಹೋಗಿ ಒಲೆಗೆ ಹಾಕಲು.

"ಸಿಡಿ?" ಎಂದರು ಮಾಲಕರು.

ಮಾಸ್ಟ್ರು ಚೀಲದ ಬಾಯಿ ಕಟ್ಟಿದರು. "ಅದು ಸಮುದ್ರ ದಾಟಿ ಆಯ್ತು ಮಾರಾಯ್ರೆ. ಅಲ್ಲಿ ಯಾರು ನೋಡ್ತಾರೆ. ಇರಲಿ" ಎಂದು ಹೊರಟರು.

ಮಾಲಕರು ಆ ದಿನ ನನ್ನ ಹತ್ತಿರ ಮತ್ತೆ ಮಾತಾಡಲಿಲ್ಲ. ಸಂಜೆ ಮನೆಗೆ ಬಂದು ಮಂಚದ ಅಡಿಯ ಟ್ರಂಕನ್ನು ಹೊರಗೆ ಎಳೆದೆ. ನಿಮ್ಮಮ್ಮ ಗಣಿತ ಮಾಡುತ್ತಾ ಕೂತಿದ್ದವಳು, "ಎಲ್ಲಿಗೆ ಹೋಗುವುದಮ್ಮ?" ಎಂದಳು. "ಎಲ್ಲಿಗೂ ಇಲ್ಲ, ಧೂಳು ಒರೆಸಲಿಕ್ಕೆ" ಎಂದು ಒರೆಸಿ, ಒಳಗೆ ತಳ್ಳಿದೆ. ತಂಬಿಲದ ದಿನ ಅಂಗಡಿಯ ಫೋನು ಬಡಿದಾಗಲೆಲ್ಲ ನನ್ನ ಕೈ ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು.

ಮಾಸ್ಟ್ರು ಬಂದದ್ದು ಕೆಲವು ದಿನ ಕಳೆದು, ಬಾಳೆಲೆಯಲ್ಲಿ ಕಟ್ಟಿದ ಪ್ರಸಾದದೊಂದಿಗೆ. ಸ್ವರ ಮೊದಲಿನ ಹಾಗೆ ದೊಡ್ಡದಾಗಿತ್ತು.

"ಓದಿ ಆಯ್ತು. ಯಾರೂ ಕವಲು ನೋಡ್ಲಿಲ್ಲ, ಗಿವಲು ನೋಡ್ಲಿಲ್ಲ. ಎಲ್ಲರೂ ತಮ್ಮ ತಮ್ಮ ಹೆಸರು ಉಂಟಾ ಅಂತ ಹುಡುಕಿದ್ದು! ಒಬ್ಬಳು ಮಾತ್ರ ಜಗಳಕ್ಕೆ ಬಂದಳು, ತನ್ನ ಪ್ರಾಯ ಯಾಕೆ ಹಾಕಿದ್ದು ಅಂತ."

ಮಾಲಕರು ನಕ್ಕರು. ಆಮೇಲೆ ಡ್ರಾಯರಿನಿಂದ ಅಂಗಡಿಯ ಬೀಗದ ಕೈ ತೆಗೆದು ನನ್ನ ಮೇಜಿನ ಮೇಲಿಟ್ಟರು. "ಅಕ್ಕ, ನಾಳೆ ನನಗೆ ಬರುವಾಗ ತಡ ಆಗ್ತದೆ. ನೀವೇ ಬಾಗಿಲು ತೆಗೀರಿ." ಅಷ್ಟೇ. ಆ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ನಡೆದೆ. ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ನಿಮ್ಮಮ್ಮ ಮೂಡಬಿದ್ರೆಯಲ್ಲೇ ಓದಿ ಮುಗಿಸಿದಳು. ನನಗೆ ಮಾತ್ರ ಆ ಸಿಡಿಯ ಹೆದರಿಕೆ ಹೋಗಲಿಲ್ಲ. ಅಲ್ಲೆಲ್ಲೋ ಯಾರದೋ ಮನೆಯಲ್ಲಿ ಸಣ್ಣಜ್ಜಿ ಈಗಲೂ ಅಕ್ಕನ ಮಗಳಾಗಿ ಕೂತಿದ್ದಾಳೆ, ಒಂದು ದಿನ ಯಾರೋ ತೆರೆದು ನೋಡುತ್ತಾರೆ ಎಂದು.

ಆ ದಿನ ಬಂತು. ವರ್ಷಗಳು ಕಳೆದು, ಮಾಸ್ಟ್ರು ತೀರಿಕೊಂಡ ಮೇಲೆ, ಆ ಕುಟುಂಬದ ಒಬ್ಬ ಹೆಣ್ಣುಮಗಳು ದುಬೈಯಿಂದ ರಜೆಗೆ ಬಂದವಳು ಆ ಸಿಡಿಯನ್ನು ಹಿಡಿದುಕೊಂಡು ನಮ್ಮ ಅಂಗಡಿಯನ್ನು ಹುಡುಕಿ ಬಂದಳು. "ಆಂಟಿ, ಇದು ಓಪನ್ ಆಗ್ತದೆ, ಆದ್ರೆ ಓದ್ಲಿಕ್ಕೆ ಆಗುವುದಿಲ್ಲ" ಎಂದಳು.

ಸಿಡಿಯನ್ನು ಸೆರಗಿನಿಂದ ಒರೆಸಿ ಕಂಪ್ಯೂಟರಿಗೆ ಹಾಕಿದೆ. ತೆರೆದೆ. ಅದೇ ಕೊಂಬಿನ ಅಕ್ಷರಗಳು, ಅದೇ ಅಡ್ಡಗೆರೆಯ ವೈಗಳು, ಮೊದಲ ಪುಟದಿಂದ ಕೊನೆಯವರೆಗೆ. ನಮ್ಮ ಹಳೆಯ ಕಂಪ್ಯೂಟರುಗಳು ಗುಜರಿಗೆ ಹೋಗಿದ್ದವು, ಆ ಫಾಂಟೂ ಅವುಗಳ ಜೊತೆಗೆ. ಸಿಡಿಯಲ್ಲಿ ಮಾಲಕರು ಹಾಕಿಟ್ಟ ಫಾಂಟಿನ ಫೈಲನ್ನು ಗೀರು ತಿಂದಿತ್ತು. ಪರಿವಿಡಿಯ ಒಂದು ಸಾಲನ್ನು ಒತ್ತಿದೆ. ಹಾರಿತು! ಅರ್ಥವಿಲ್ಲದ ಸಾಲಿನಿಂದ ಅರ್ಥವಿಲ್ಲದ ಪುಟಕ್ಕೆ, ಸ್ವಲ್ಪವೂ ತಪ್ಪದೆ ಹಾರಿತು. ಮತ್ತು ಆ ಕಸದ ನಡುವೆ ಒಂದು ಸಾಲು ಒಳಗೆ ಸರಿದು ಕೂತಿರುವುದು ನನಗೆ ಕಂಡಿತು. ನನಗೆ ಮಾತ್ರ ಕಂಡಿತು. ಸಣ್ಣಜ್ಜಿಯ ಹೆಸರು ಹೋಗಿತ್ತು. ಅಡಿಯಲ್ಲಿ ಇದ್ದದ್ದು ಉಳಿದಿತ್ತು.

ಇಷ್ಟು ವರ್ಷ ಯಾರಾದರೂ ಓದಿಬಿಟ್ಟಾರು ಎಂದು ಹೆದರಿದ್ದೆ. ಆವತ್ತು ಯಾರೂ ಓದಲಾರರು ಎಂಬ ಹೆದರಿಕೆ ಹಿಡಿಯಿತು. "ಕಾಗದದ ಪುಸ್ತಕ ಇಲ್ವಾ ಮಗಾ?" ಎಂದೆ. ಸಿಡಿ ಉಂಟಲ್ಲ ಎಂದು ಅವರ ಮನೆಯವರು ಪುಸ್ತಕ ತೆಗೆದುಕೊಂಡೇ ಇರಲಿಲ್ಲವಂತೆ. "ಬೆಳ್ತಂಗಡಿಗೆ ಹೋಗು, ಯಾರ ಕಪಾಟಿನಲ್ಲಾದರೂ ಇದ್ದೇ ಇರ್ತದೆ. ನಾವು ಒಂದೊಂದನ್ನೂ ಬಿಚ್ಚಿ ಸರಿ ಮಾಡಿದ್ದು" ಎಂದು ಕಳಿಸಿದೆ. ಅವಳಿಗೆ ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಅದಕ್ಕೇ ಇದನ್ನು ಕೈಯಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡಿಕೊಡುತ್ತೇವೆ ಎನ್ನುತ್ತೀರಿ, ಮಾಡಿ. ಹೆಡಿಂಗ್ ಕೊಡಿ, ಒತ್ತಿದಲ್ಲಿ ಹಾರಲಿ. ಆದರೆ ಟೈಪ್ ಆಯಿತೆಂದು ಈ ಹಾಳೆಗಳನ್ನು ಬಿಸಾಡಬೇಡಿ. ನಿಮ್ಮಜ್ಜನ ಪ್ರೂಫ್ ಹಾಳೆಗಳು ನನ್ನ ಟ್ರಂಕಿನಲ್ಲಿವೆ, ಸೀಸದ ಅಕ್ಷರ ಒತ್ತಿದ ಗುರುತು ಈಗಲೂ ಬೆರಳಿಗೆ ಸಿಗುತ್ತದೆ. ಇವನ್ನೂ ಅವುಗಳ ಜೊತೆ, ಒದ್ದೆ ತಾಗದ ಹಾಗೆ, ಮೇಲಿನ ಪದರದಲ್ಲಿ ಇಟ್ಟುಕೊಳ್ಳಿ.